ಭೂಕಂಪದ ಸಂತ್ರಸ್ತರಿಗೆ ಹೊಸ ಮನೆ ಸಿಕ್ಕರೂ ನೆಮ್ಮದಿ ಯಾಕೆ ಸಿಗುವುದಿಲ್ಲ?

ಮನೆಯ ಜೊತೆ ನೆರೆಯವರೂ ಹೋಗಿಬಿಟ್ಟಿರುತ್ತಾರೆ, ಅದಕ್ಕೆ.

ಜಪಾನಿನ ಕೋಬೆಯಲ್ಲಿ 1995ರ ಭೂಕಂಪದ ನಂತರ ತಾತ್ಕಾಲಿಕ ಮನೆಗಳನ್ನು ಹೆಚ್ಚಾಗಿ ಲಾಟರಿ ಎತ್ತಿ ಹಂಚಿದರು. ವಯಸ್ಸಾದವರು, ಕಾಯಿಲೆಯವರು ಗುರುತಿಲ್ಲದವರ ನಡುವೆ ಬಿದ್ದರು. ಎಷ್ಟೋ ಜನ ಒಂಟಿಯಾಗಿ ಸತ್ತು, ದಿನಗಟ್ಟಲೆ ಯಾರಿಗೂ ತಿಳಿಯಲಿಲ್ಲ. 2011ರ ಭೂಕಂಪ ಮತ್ತು ಸುನಾಮಿಯ ಬಳಿಕ ಜಪಾನಿನದೇ ಇವಾನುಮಾ ಪಟ್ಟಣದಲ್ಲಿ ಕೆಲವರನ್ನು ಒಂದೇ ಕೇರಿಯವರಾಗಿ ಒಟ್ಟಿಗೆ ಸ್ಥಳಾಂತರಿಸಿದರು. ಅವರಲ್ಲಿ ಒಡನಾಟ ಉಳಿಯಿತು, ಹೆಚ್ಚಿತು ಕೂಡ. ಬಿಡಿಬಿಡಿಯಾಗಿ ಹೋದವರಲ್ಲಿ ಕುಗ್ಗಿತು.

ನಮ್ಮ ಕೊಡಗಿನಲ್ಲಿ ಆಗಿದ್ದು ಭೂಕಂಪವಲ್ಲ, 2018ರ ಆಗಸ್ಟ್‌ನ ಭೂಕುಸಿತ. ನೋವು ಮಾತ್ರ ಅದೇ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡದ ಮೇಲೊಂದು, ಕೆಳಗೊಂದು ಮನೆ. ನಾಟಿಗೆ ಮುಯ್ಯಾಳು ಬರುತ್ತಿದ್ದವರೇ ಕಷ್ಟಕ್ಕೂ ಬರುತ್ತಿದ್ದರು. ಸಂತ್ರಸ್ತರಿಗಾಗಿ ಕಟ್ಟಿದ ಜಂಬೂರಿನಂಥ ಬಡಾವಣೆಯಲ್ಲಿ ಮನೆಗಳು ಪಕ್ಕಪಕ್ಕದಲ್ಲೇ ಇವೆ, ಆದರೆ ರಾತ್ರಿ ಎದೆನೋವು ಬಂದರೆ ಯಾರ ಬಾಗಿಲು ತಟ್ಟಬಹುದು ಎಂಬ ಧೈರ್ಯ ಹುಟ್ಟಲು ವರ್ಷಗಳು ಬೇಕು.

ಆ ಧೈರ್ಯವೇ ನಂಬಿಕೆ. ನೆರವು ಸಿಕ್ಕಷ್ಟೂ ನಂಬಿಕೆ ಬೆಳೆಯುತ್ತದೆ, ನಂಬಿಕೆಯಿದ್ದರೆ ನೆರವು ಕೇಳಲು ಸಂಕೋಚವಿರುವುದಿಲ್ಲ. ಪರಿಹಾರದ ಪಟ್ಟಿಯಲ್ಲಿ ತಾರತಮ್ಯ ಕಂಡರೆ ಮಾತ್ರ ಇದು ಬೇಗ ಮುರಿಯುತ್ತದೆ. ನನ್ನ ಪ್ರಕಾರ ಮನೆ ಹಂಚುವಾಗ ಮೊದಲು ಕೇಳಬೇಕಾದ ಪ್ರಶ್ನೆ: ‘ನಿಮ್ಮ ಪಕ್ಕದಲ್ಲಿ ಯಾರಿರಬೇಕು?’