ನಾವು ಓದಿದ್ದು ಶಿಸ್ತಿನ ಶಾಲೆಯಲ್ಲೋ, ಕಲ್ಟ್‌ನಲ್ಲೋ?

ಪ್ರಶ್ನೆ: ನನಗೆ 39 ವರ್ಷ, ಉಡುಪಿಯಲ್ಲಿದ್ದೇನೆ. 1999ರಿಂದ ಮೂರು ವರ್ಷ ಮಂಗಳೂರು ಹತ್ತಿರದ ಒಂದು ಹಾಸ್ಟೆಲ್ ಶಾಲೆಯಲ್ಲಿ ಓದಿದೆ. ಬೆಳಿಗ್ಗೆ ಐದಕ್ಕೆ ಬೆಲ್. ತುಳು ಮಾತಾಡಿದರೆ ದಂಡ. ಮನೆಗೆ ಬರೆದ ಕಾಗದವನ್ನು ವಾರ್ಡನ್ ಓದಿದ ಮೇಲೆಯೇ ಪೋಸ್ಟ್ ಮಾಡುತ್ತಿದ್ದರು. ರಾತ್ರಿ ಪ್ರಾರ್ಥನೆ ಆದ ಮೇಲೆ ಎದ್ದು ನಿಂತು ಅವತ್ತಿನ ತಪ್ಪು ಒಪ್ಪಿಕೊಳ್ಳಬೇಕಿತ್ತು. ಪಕ್ಕದವರ ತಪ್ಪು ಹೇಳಿದರೆ ಶಹಬ್ಬಾಸ್ ಸಿಗುತ್ತಿತ್ತು. ನಡುವೆ ಟಿಸಿ ತೆಗೆದುಕೊಂಡು ಹೋದವರ ಹೆಸರು ಎತ್ತುವ ಹಾಗಿರಲಿಲ್ಲ.

ಮೊನ್ನೆ ಹಳೆ ವಿದ್ಯಾರ್ಥಿಗಳೆಲ್ಲ ಮಲ್ಪೆಯಲ್ಲಿ ಸೇರಿದ್ದೆವು. ಒಬ್ಬಳು ‘ಅದು ಶಾಲೆಯಲ್ಲ, ಕಲ್ಟ್’ ಅಂದಳು, ಅಂದರೆ ಸದಸ್ಯರ ಮನಸ್ಸನ್ನೇ ಹಿಡಿತದಲ್ಲಿಟ್ಟುಕೊಳ್ಳುವ ಪಂಥ. ಅರ್ಧ ಜನ ಅವಳ ಮೇಲೆ ಮುಗಿಬಿದ್ದರು. ನನ್ನ ಗಂಡನೂ ಅಲ್ಲೇ ಓದಿದವರು, ಹಾಸ್ಟೆಲ್ ಲೀಡರ್ ಆಗಿದ್ದರು. ‘ನಾನು ಮನುಷ್ಯನಾದದ್ದೇ ಅಲ್ಲಿ’ ಅನ್ನುತ್ತಾರೆ. ಜೂನ್‌ನಲ್ಲಿ ಮಗನನ್ನು ಎಂಟನೇ ಕ್ಲಾಸಿಗೆ ಅಲ್ಲಿಗೇ ಸೇರಿಸಬೇಕಂತೆ. ಯಾರ ಮಾತು ಸರಿ, ಮೇಡಂ?

ಉತ್ತರ: ನೀವು ಬರೆದದ್ದರಲ್ಲಿ ಎರಡು ಬಗೆಯ ಸಂಗತಿಗಳಿವೆ. ಐದು ಗಂಟೆಯ ಬೆಲ್ ಬರೀ ಕಟ್ಟುನಿಟ್ಟು. ತುಳುವಿಗೆ ದಂಡ ಹಾಕುವುದು ಕೆಟ್ಟ ನಿಯಮ. ಮನೆಮಾತನ್ನೇ ತಪ್ಪು ಅಂತ ಮಕ್ಕಳಿಗೆ ಕಲಿಸುವುದು ನನಗಂತೂ ಸಿಟ್ಟು ತರಿಸುತ್ತದೆ. ಆದರೆ ಅಷ್ಟಕ್ಕೇ ಕಲ್ಟ್ ಅನ್ನುವುದಾದರೆ ನಮ್ಮ ಕರಾವಳಿಯ ಎಷ್ಟೋ ಇಂಗ್ಲಿಷ್ ಮೀಡಿಯಂ ಶಾಲೆಗಳನ್ನು ಹಾಗೇ ಕರೆಯಬೇಕಾದೀತು.

ಉಳಿದ ಮೂರು ಹಾಗಲ್ಲ. ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್, ಚೀನಾದಲ್ಲಿ ಬಲವಂತದ ‘ವಿಚಾರ ಸುಧಾರಣೆ’ಗೆ, ಅಂದರೆ ನಂಬಿಕೆಗಳನ್ನೇ ಬದಲಿಸುವ ಒತ್ತಡಕ್ಕೆ ಸಿಕ್ಕಿ ಹಾಂಗ್‌ಕಾಂಗ್‌ಗೆ ಬಂದವರನ್ನು 1950ರ ದಶಕದಲ್ಲಿ ಮಾತಾಡಿಸಿದರು. ಮನಸ್ಸನ್ನು ಪೂರ್ತಿ ಹಿಡಿತಕ್ಕೆ ತೆಗೆದುಕೊಳ್ಳುವ ಗುಂಪುಗಳ ಎಂಟು ಲಕ್ಷಣಗಳನ್ನು 1961ರಲ್ಲಿ ಬರೆದರು. ಮೊದಲನೆಯದು, ಹೊರಗಿನ ಜಗತ್ತಿನ ಜೊತೆಗಿನ ಮಾತುಕತೆಯ ಮೇಲೆ ಕಾವಲು. ನಿಮ್ಮ ವಾರ್ಡನ್ ಕಾಗದ ಓದುತ್ತಿದ್ದದ್ದು ಅದೇ ಅಲ್ವಾ? ತಪ್ಪೊಪ್ಪಿಗೆಯೂ ಆ ಎಂಟರಲ್ಲಿದೆ. ಕೊನೆಯದು, ಯಾರು ಲೆಕ್ಕಕ್ಕಿದ್ದಾರೆ, ಯಾರು ಇಲ್ಲ ಅಂತ ಗುಂಪೇ ತೀರ್ಮಾನಿಸುವುದು. ಟಿಸಿ ತೆಗೆದುಕೊಂಡವರು ನಿಮ್ಮಲ್ಲಿ ಲೆಕ್ಕದಿಂದ ಹೊರಗಾಗಿದ್ದರು.

ಈ ಮೂರರಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ರಾತ್ರಿಯ ತಪ್ಪೊಪ್ಪಿಗೆ. ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ ಸಿನಾನನ್ ಎಂಬ ಸಂಸ್ಥೆ ಶುರುವಾಯಿತು. ಉದ್ದೇಶ ಮಾದಕ ವ್ಯಸನ ಬಿಡಿಸುವುದು. ಎಲ್ಲರೂ ಸುತ್ತ ಕೂತು ಒಬ್ಬರ ತಪ್ಪುಗಳನ್ನು ಎತ್ತಿ ಜರೆಯುವುದೇ ಅಲ್ಲಿಯ ಚಿಕಿತ್ಸೆ. ಮುಂದೆ ಆ ಸಂಸ್ಥೆ ತಾನೊಂದು ಧರ್ಮ ಅಂತಲೇ ಹೇಳಿಕೊಂಡಿತು. ಆ ಪದ್ಧತಿ ‘ದಾರಿ ತಪ್ಪಿದ’ ಹದಿಹರೆಯದವರ ಕೆಲವು ವಸತಿ ಶಾಲೆಗಳಿಗೂ ಹಬ್ಬಿತು. ಗೆಳೆಯನ ಮೇಲೆ ಚಾಡಿ ಹೇಳಿದರೆ ಮೆಚ್ಚುಗೆ ಸಿಗುವ ಕಡೆ ಮಗು ಯಾರನ್ನೂ ನಂಬುವುದಿಲ್ಲ. ನಂಬಲು ಉಳಿಯುವುದು ಸಂಸ್ಥೆ ಒಂದೇ.

ಹಾಗಂತ ನಿಮ್ಮ ಶಾಲೆ ಕಲ್ಟ್ ಅಂತ ನಾನು ಷರಾ ಬರೆಯುವುದಿಲ್ಲ. ಪ್ರಶ್ನೆ ಮಾಡಲಾಗದ ಗುರು, ಹೊರಗಿನವರೆಲ್ಲ ಕೆಟ್ಟವರು ಎನ್ನುವ ಬೋಧನೆ, ಇವು ನಿಮ್ಮ ಪತ್ರದಲ್ಲಿ ಇಲ್ಲ. ಹತ್ತನೇ ಕ್ಲಾಸ್ ಮುಗಿಸಿ ನೀವೆಲ್ಲ ಹೊರಗೆ ಬಂದಿರಿ, ಯಾರೂ ಹಿಂದೆ ಬರಲಿಲ್ಲ. ಆದರೆ ಕಲ್ಟ್‌ಗಳು ಬಳಸುವ ಮೂರು ಉಪಾಯ ಅಲ್ಲಿದ್ದವು. ನಿಮ್ಮ ಗೆಳತಿ ಸುಮ್ನೆ ಹೇಳಿದ್ದಲ್ಲ.

ನಿಮ್ಮ ಗಂಡನೂ ಸುಳ್ಳು ಹೇಳುತ್ತಿಲ್ಲ. ಅವರು ಲೀಡರ್. ಬೇರೆಯವರು ತಪ್ಪು ಒಪ್ಪಿಕೊಳ್ಳುವುದನ್ನು ಕೇಳುತ್ತಾ ನಿಂತವರ ನೆನಪೂ, ನಡುಗುತ್ತಾ ಎದ್ದು ನಿಂತವರ ನೆನಪೂ ಒಂದೇ ಆಗುವುದು ಹೇಗೆ? ಭಾನುವಾರ ಅಪ್ಪ ಬರುತ್ತಿದ್ದ ಕುಂದಾಪುರದ ಹುಡುಗನಿಗೂ, ದಸರಾ ರಜೆಯವರೆಗೆ ಮನೆಯವರ ಮುಖ ಕಾಣದ ಬಳ್ಳಾರಿ ಕಡೆಯ ಹುಡುಗನಿಗೂ ಕಾಗದದ ಕಾವಲು ಒಂದೇ ತೂಕದ್ದಲ್ಲ. ಇನ್ನೊಂದು ಮಾತು. ಕಷ್ಟಪಟ್ಟು ಪಡೆದದ್ದನ್ನು ನಾವು ಹೆಚ್ಚು ಮೆಚ್ಚುತ್ತೇವೆ. 1959ರಲ್ಲಿ ಆರನ್ಸನ್ ಮತ್ತು ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದರು. ತುಂಬ ಮುಜುಗರದ ಪರೀಕ್ಷೆ ದಾಟಿ ಒಂದು ಗುಂಪಿಗೆ ಸೇರಿದವರಿಗೆ ಆ ಗುಂಪಿನ ಸಪ್ಪೆ ಚರ್ಚೆಯೂ ಚೆನ್ನಾಗಿದೆ ಅನಿಸಿತು. (ಇದನ್ನು ಊಟದ ಹೊತ್ತಿನಲ್ಲಿ ಗಂಡನ ಮೇಲೆ ಪ್ರಯೋಗಿಸಬೇಡಿ. ಜಗಳ ಖಂಡಿತ.) ಅವರಿಗೆ ಒಂದೇ ಪ್ರಶ್ನೆ ಕೇಳಿ: ‘ಅಲ್ಲಿ ನಿಮಗೆ ಹೆದರುತ್ತಿದ್ದ ಚಿಕ್ಕ ಹುಡುಗರು ಯಾರಾದರೂ ಇದ್ದರಾ?’ ಉತ್ತರ ಬರಲು ತಡವಾದರೂ ಕಾಯಿರಿ.

ಇನ್ನು ಮಗನ ವಿಷಯ. ಹಳೆಯ ಶಾಲೆಯ ವಿಚಾರಣೆ ಬಿಡಿ, ಈಗಿನ ಶಾಲೆಯನ್ನು ನೋಡಿ. ಮಗು ಪಕ್ಕದಲ್ಲಿ ಯಾರೂ ಇಲ್ಲದೆ ಮನೆಗೆ ಫೋನ್ ಮಾಡಬಹುದಾ? ವಾರ್ಡನ್ ಮೇಲೆ ದೂರು ಇದ್ದರೆ ಯಾರಿಗೆ ಹೇಳಬೇಕು? ಆ ದೂರು ಪುನಃ ಅದೇ ವಾರ್ಡನ್ ಕೈಗೇ ಹೋಗುತ್ತದಾ? ವರ್ಷದ ನಡುವೆ ಬಿಟ್ಟರೆ ಟಿಸಿ ಕೊಡಲು ಸತಾಯಿಸುತ್ತಾರಾ? ರ‍್ಯಾಂಕ್ ಬಂದವರನ್ನು ಶಾಲೆಯೇ ನಿಮಗೆ ಭೇಟಿ ಮಾಡಿಸುತ್ತದೆ. ನೀವು ಬಿಟ್ಟು ಹೋದ ಒಂದಿಬ್ಬರು ಮಕ್ಕಳ ಮನೆಯವರನ್ನು ಹುಡುಕಿ ಮಾತಾಡಿಸಿ.

ನೀವು ಓದುವಾಗ ಇಲ್ಲದ ಕಾನೂನುಗಳು ಈಗ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಇದು 6ರಿಂದ 14 ವರ್ಷದವರಿಗೆ. 18ರೊಳಗಿನ ಮಕ್ಕಳನ್ನು ನೋಡಿಕೊಳ್ಳುವವರೇ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಮಕ್ಕಳ ಸಹಾಯವಾಣಿ 1098 ಅನ್ನು ಮಗನಿಗೆ ಬಾಯಿಪಾಠ ಮಾಡಿಸಿ, ಅವನು ಯಾವ ಶಾಲೆಗೇ ಹೋಗಲಿ.

ನಿಮ್ಮ ಗೆಳತಿಗೆ ಒಂದು ಫೋನ್ ಮಾಡಿ. ವಾದ ಬೇಡ, ‘ಕಾಗದ ಓದುತ್ತಿದ್ದದ್ದು ನನಗೂ ನೆನಪಿದೆ’ ಅಂದರೆ ಸಾಕು. ಆ ದಿನಗಳು ಅವಳ ನಿದ್ದೆ ಕೆಡಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಮಗನಿಗೆ ಹೋಗಬೇಕು ಅಂತ ಇದೆಯಾ ಅನ್ನುವುದನ್ನು ನೀವು ಬರೆದೇ ಇಲ್ಲ. ಅವನನ್ನೂ ಕರೆದುಕೊಂಡು ಹೋಗಿ ಹಾಸ್ಟೆಲ್ ತೋರಿಸಿ. ಬೇಡ ಅಂದರೆ ಬೇಡ. ಮನೆಯಿಂದಲೇ ಹೋಗಿಬರುವ ಒಳ್ಳೆಯ ಶಾಲೆಗಳಿಗೆ ಉಡುಪಿಯಲ್ಲಿ ಬರವಿಲ್ಲ.