ಮದರ್‌ಬೋರ್ಡ್ ಬದಲಾದ ಮೇಲೆ ವಿಂಡೋಸ್ ಆಕ್ಟಿವೇಟ್ ಆಗದಿದ್ದರೆ

ಮದರ್‌ಬೋರ್ಡ್ ಬದಲಿಸಿದ ಮೇಲೆ ವಿಂಡೋಸ್ 10 ಮತ್ತೆ ಆಕ್ಟಿವೇಶನ್ ಕೇಳುತ್ತಿದೆ, ಅಪ್‌ಡೇಟ್ ಕೂಡ ನಿಂತಿದೆ, ಹೊಸ ಕೀ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಅಂಗಡಿಯವರ ಮಾತು ಕೇಳಿ ಈಗಲೇ ದುಡ್ಡು ಸುರಿಯಬೇಡಿ.

ಇವು ಎರಡು ಬೇರೆ ತೊಂದರೆಗಳು. ಆಕ್ಟಿವೇಟ್ ಆಗದ ವಿಂಡೋಸ್‌ಗೂ ಅಪ್‌ಡೇಟ್ ಬರುತ್ತದೆ; ವಾಲ್‌ಪೇಪರ್, ಬಣ್ಣಗಳಂಥವನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಲು ಬಿಡುವುದಿಲ್ಲ, ಪರದೆಯ ಮೂಲೆಯಲ್ಲಿ ‘ವಿಂಡೋಸ್ ಆಕ್ಟಿವೇಟ್ ಮಾಡಿ’ ಎಂಬ ಮಸುಕು ಬರಹ ಕಾಡುತ್ತದೆ, ಅಷ್ಟೇ. ನಿಮಗೆ ಅಪ್‌ಡೇಟ್ ನಿಂತಿರುವುದು ಬಹುಶಃ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದರಿಂದ.

ಇನ್ನು ಲೈಸೆನ್ಸ್. ಡಿಜಿಟಲ್ ಲೈಸೆನ್ಸ್ ಯಂತ್ರಾಂಶದ ಗುರುತಿಗೆ ಅಂಟಿಕೊಂಡಿರುತ್ತದೆ. ಮದರ್‌ಬೋರ್ಡ್ ಹೋದರೆ ಮೈಕ್ರೋಸಾಫ್ಟ್ ಕಣ್ಣಿಗೆ ಅದು ಹೊಸ ಕಂಪ್ಯೂಟರ್. ಹಿಂದೆಯೇ ಮೈಕ್ರೋಸಾಫ್ಟ್ ಖಾತೆಗೆ ಲೈಸೆನ್ಸ್ ಜೋಡಿಸಿದ್ದರೆ, ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ ‘ಟ್ರಬಲ್‌ಶೂಟ್’ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬ ಆಯ್ಕೆ ಹಿಡಿದು, ಅದೇ ಖಾತೆಯಿಂದ ಲಾಗಿನ್ ಆಗಿ. ಬಿಡಿಯಾಗಿ ಕೊಂಡ ರಿಟೇಲ್ ಕೀ ಆದರೆ ಅದನ್ನೇ ಮತ್ತೆ ಹಾಕಬಹುದು. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಸಾಮಾನ್ಯವಾಗಿ ಹಳೆಯ ಬೋರ್ಡಿನೊಂದಿಗೇ ಮುಗಿಯಿತು. ಆದರೆ ತಯಾರಕರೇ ವಾರಂಟಿಯಲ್ಲಿ ಬೋರ್ಡ್ ಬದಲಿಸಿದ್ದರೆ ಆಕ್ಟಿವೇಶನ್ ಸರಿಪಡಿಸಿಕೊಡುವಂತೆ ಅವರನ್ನೇ ಪಟ್ಟು ಹಿಡಿದು ಕೇಳಿ. ಜಾಲತಾಣಗಳಲ್ಲಿ ಮುನ್ನೂರು, ನಾನೂರು ರೂಪಾಯಿಗೆ ಮಾರುವ ಕೀಗಳನ್ನು ನಾನಂತೂ ನಂಬುವುದಿಲ್ಲ.

ಮೊದಲು ಆಕ್ಟಿವೇಶನ್ ಸರಿಮಾಡಿಕೊಂಡು, ನಂತರ ವಿಂಡೋಸ್ 11ಕ್ಕೆ ಹೋಗಿ, ಅದು ಉಚಿತ. ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆಯಾದ ಟಿಪಿಎಂ 2.0 ಇಲ್ಲ ಎಂದು ತೋರಿಸಿದರೆ ಗಾಬರಿಯಾಗಬೇಡಿ. ಹೊಸ ಬೋರ್ಡಿನ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್) ಅದು ಆಫ್ ಆಗಿರಬಹುದು: ಇಂಟೆಲ್ ಪ್ರೊಸೆಸರ್ ಆದರೆ ಪಿಟಿಟಿ (PTT), ಎಎಂಡಿ ಆದರೆ ಎಫ್‌ಟಿಪಿಎಂ (fTPM) ಎಂದು ಹುಡುಕಿ. ಪ್ರೊಸೆಸರ್ ಯಾವುದೆಂದು ಬರೆದರೆ ಮುಂದಿನದನ್ನು ಹೇಳಬಹುದು.