‘ಹಾಗನ್ನಿಸಿತು’ ಅನ್ನುವುದರ ಹಿಂದೆ

ಓದುಗರ ಪತ್ರ: ಅಗ್ನಿಶಾಮಕರ ಕುರಿತ ನಿಮ್ಮ ಲೇಖನ ಓದಿದೆ. ಜೀವದ ಪ್ರಶ್ನೆ ಇರುವಲ್ಲಿ ‘ನನಗೆ ಹಾಗನ್ನಿಸಿತು’ ಎಂಬ ಹಿರಿಯರ ಮಾತನ್ನು ನೆಚ್ಚುವುದೆ? ನಿಯಮಾವಳಿ ಇರುವಾಗ ಅನುಭವದ ಜಪವೇಕೆ?

ಸಂಪಾದಕರ ಉತ್ತರ: ಪ್ರಶ್ನೆ ನ್ಯಾಯವಾದದ್ದೇ. ನಿಯಮಾವಳಿ ಬೇಕು. ಕೃತಕ ಫೋಮಿನ ಸೋಫಾ, ಹಾಸಿಗೆ ತುಂಬಿದ ಇಂದಿನ ಕೋಣೆ ಹಿಂದಿಗಿಂತ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಹಳೆಯ ಅಂದಾಜು ಅಲ್ಲಿ ಕೈಕೊಡಬಹುದು. ಒಪ್ಪಿದೆ. ಆದರೆ ಇಷ್ಟು ಚೆನ್ನಾಗಿ ಬರೆಯಬಲ್ಲ ನೀವು, ಆ ‘ಹಾಗನ್ನಿಸಿತು’ ಎಲ್ಲಿಂದ ಬಂತೆಂದು ಒಮ್ಮೆ ಕೇಳಿಕೊಳ್ಳಬೇಕಿತ್ತು.

1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಮತ್ತು ಸಂಗಡಿಗರು ಇದನ್ನೇ ಕೇಳಹೊರಟರು. ಸರಾಸರಿ 23 ವರ್ಷ ಬೆಂಕಿಯೊಡನೆ ಕಳೆದ 26 ದಳನಾಯಕರನ್ನು ಮಾತನಾಡಿಸಿದರು. ಎರಡು ದಾರಿಗಳನ್ನಾದರೂ ಹೋಲಿಸಿ ಒಂದನ್ನು ಆರಿಸುತ್ತಾರೆ ಎಂಬುದು ಸಂಶೋಧಕರ ನಿರೀಕ್ಷೆ. ಬಹುಪಾಲು ನಾಯಕರು ಹೋಲಿಸಿರಲೇ ಇಲ್ಲ! ಬೆಂಕಿಯ ಜಾತಿ ಗುರುತು ಹಿಡಿದೊಡನೆ ಮಾಡಬೇಕಾದದ್ದು ಹೊಳೆಯುತ್ತಿತ್ತು. ಅದನ್ನು ಮನಸ್ಸಿನಲ್ಲೇ ನಡೆಸಿ ನೋಡಿ, ಎಲ್ಲಾದರೂ ಎಡವುವಂತಿದ್ದರೆ ತಿದ್ದಿಕೊಳ್ಳುತ್ತಿದ್ದರು, ಇಲ್ಲವೇ ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದರು.

ಕ್ಲೈನ್ ದಾಖಲಿಸಿದ ಪ್ರಸಂಗವೊಂದನ್ನು ಕೇಳಿ. ಮನೆಯೊಂದರ ಅಡುಗೆಕೋಣೆಗೆ ಬೆಂಕಿ. ನೀರು ಹೊಡೆದರೂ ತಗ್ಗದು. ಅಷ್ಟು ಬೆಂಕಿಗೆ ಇರಬೇಕಾದುದಕ್ಕಿಂತ ಕಾವು ಹೆಚ್ಚು, ಸದ್ದು ಕಡಿಮೆ. ಅಧಿಕಾರಿ ಎಲ್ಲರನ್ನೂ ಹೊರಗೆ ಕರೆದುಕೊಂಡರು. ಹೊರಬಂದ ಸ್ವಲ್ಪ ಹೊತ್ತಿಗೇ ಅವರು ನಿಂತಿದ್ದ ನೆಲ ಕುಸಿಯಿತು. ನಿಜವಾದ ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ, ಅವರ ಕಾಲಡಿಯಲ್ಲೇ. ಅಲ್ಲೊಂದು ನೆಲಮಾಳಿಗೆ ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ. ತನ್ನನ್ನು ಕಾಪಾಡಿದ್ದು ಅತೀಂದ್ರಿಯ ಶಕ್ತಿ ಎಂದೇ ಆ ಅಧಿಕಾರಿ ನಂಬಿದ್ದರು. ಕಾಪಾಡಿದ್ದು ಅವರು ಹಿಂದೆ ಆರಿಸಿದ ಬೆಂಕಿಗಳು. ಕಣ್ಣೆದುರಿನದು ಅವುಗಳಲ್ಲಿ ಯಾವುದಕ್ಕೂ ಹೊಂದಲಿಲ್ಲ, ಅಷ್ಟೇ.

ಅಂತಃಪ್ರಜ್ಞೆಯನ್ನು, ಅಂದರೆ ಈ ‘ಹಾಗನ್ನಿಸಿತು’ ಎಂಬುದನ್ನು, ಸದಾ ಅನುಮಾನದಿಂದ ಕಂಡ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರೇ 2009ರಲ್ಲಿ ಕ್ಲೈನ್ ಜೊತೆ ಲೇಖನ ಬರೆದರು. ಸನ್ನಿವೇಶದಲ್ಲಿ ಒಂದು ಕ್ರಮವಿದ್ದು, ತನ್ನ ಎಣಿಕೆ ಸರಿಯೋ ತಪ್ಪೋ ಎಂದು ಬೇಗ ತಿಳಿಯುವಂತಿದ್ದರೆ ಪಳಗಿದವರ ಅನ್ನಿಸಿಕೆಯನ್ನು ನಂಬಬಹುದು ಎಂಬಲ್ಲಿ ಇಬ್ಬರೂ ಒಂದಾದರು. ಬರೀ ಸೇವಾವಧಿ ಸಾಲದು ಎಂಬ ಮಾತೂ ಇದರಲ್ಲೇ ಇದೆ.

ನನಗೆ ಸಿಟ್ಟು ಬರುವುದು ಇಲ್ಲೇ. ಬೆಂಕಿ ಆರಿದ ಮೇಲೆ ಕೂತು ಮಾತನಾಡಲು ಎಷ್ಟು ಠಾಣೆಗಳಲ್ಲಿ ಬಿಡುವು ಕೊಡುತ್ತಾರೆ? ವರದಿಯ ಖಾನೆಗಳು ತುಂಬಿದರೆ ಮುಗಿಯಿತು. ಅಗ್ನಿಶಾಮಕ ದಳವೊಂದೇ ಅಲ್ಲ, ಆಸ್ಪತ್ರೆಯ ಹಿರಿಯ ನರ್ಸ್, ವಿದ್ಯುತ್ ಲೈನ್‌ಮನ್, ಎಲ್ಲರೂ ಆಡಳಿತದ ಕಣ್ಣಿಗೆ ಹೆಚ್ಚು ಸಂಬಳದ ಹೊರೆ. ನಿವೃತ್ತಿಯ ದಿನ ಸಮವಸ್ತ್ರ, ಗುರುತಿನ ಚೀಟಿಯನ್ನು ಲೆಕ್ಕಹಾಕಿ ವಾಪಸ್ ಪಡೆಯುತ್ತಾರೆ. ‘ಆ ಹೊತ್ತಿನಲ್ಲಿ ನಿಮಗೆ ಏನು ಕಂಡಿತು? ಇರಬೇಕಾದ್ದು ಏನು ಇರಲಿಲ್ಲ?’ ಎಂದು ಕೇಳುವವರಿಲ್ಲ. ನೀವು ಕೊಂಡಾಡುವ ನಿಯಮಾವಳಿಯ ಮುಂದಿನ ಆವೃತ್ತಿಗೆ ಬೇಕಾದದ್ದು ಆ ಉತ್ತರಗಳೇ.